ಬಾರದ ಮಳೆ ಮತ್ತು ಸಿಲ್ವರ್ ಓಕಿನ ಸ್ಪೀಕರ್

ನಾಲ್ಕು ವರ್ಷದ ಹಿಂದಿನ ಜನವರಿ. ಚಿಕ್ಕಮಗಳೂರಿನಲ್ಲಿ ಅಪ್ಪ ನಡೆಸುತ್ತಿದ್ದ ರೇಡಿಯೊ ರಿಪೇರಿ ಅಂಗಡಿಯನ್ನು ನಾನು ವಹಿಸಿಕೊಂಡು ಆಗ ಹತ್ತೊಂಬತ್ತು ವರ್ಷ ತುಂಬಿತ್ತು. ಕಾಲಕ್ಕೆ ತಕ್ಕಂತೆ ಅಂಗಡಿಯೂ ಬದಲಾಗಿತ್ತು. ರೇಡಿಯೊ ತರುವವರು ಅಪರೂಪವಾಗಿ, ಆಂಪ್ಲಿಫೈಯರ್ ರಿಪೇರಿ ಮತ್ತು ಮನೆಗಳಿಗೆ ಹೋಗಿ ಸ್ಪೀಕರ್ ಕೂರಿಸಿ ಕೊಡುವುದೇ ಮುಖ್ಯ ಕೆಲಸವಾಗಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ಸೋಲ್ಡರಿಂಗ್ ಐರನ್ ಹಿಡಿದು ಕೂತಿದ್ದಾಳಲ್ಲ ಎಂದು ಮರುಗುವವರು ಮೊದಲೆಲ್ಲ ಇದ್ದರು. ಆ ವೇಳೆಗೆ ಅವರೇ ತಮ್ಮ ಮನೆಯ ಸ್ಪೀಕರ್ ಹೊತ್ತು ತರುತ್ತಿದ್ದರು.

ಮಾಡಿದ ಕೆಲಸವನ್ನು ಅಂದೇ ಸಂಜೆ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ನೆನಪಿನ ಮೇಲೆ ನನಗೆ ಅಂಥ ನಂಬಿಕೆಯಿಲ್ಲ. ಇದನ್ನು ಬರೆಯಲು ಕೂತಾಗ ಆ ದಿನದ ಪುಟ ತೆಗೆದು ನೋಡಿದೆ. ನೆನಪು ಹೇಳುವುದಕ್ಕೆ ಪುಟದಲ್ಲಿ ಮೂರು ಕಡೆ ಆಧಾರ ಸಿಗಲಿಲ್ಲ. ಒಂದು ಸಣ್ಣದು: ನಾನು ಶನಿವಾರ ಎಂದುಕೊಂಡಿದ್ದೆ, ಡೈರಿಯಲ್ಲಿ ಭಾನುವಾರ ಎಂದಿದೆ. ಉಳಿದೆರಡು ಅಷ್ಟು ಸಣ್ಣವಲ್ಲ. ಅವನ್ನು ಆಯಾ ಜಾಗದಲ್ಲಿ ಒಪ್ಪಿಸುತ್ತೇನೆ.

ಆ ದಿನ ನನ್ನ ಜೊತೆಗಿದ್ದವರು ವಸ್ತಾರೆಯ ವಿಠಲಾಚಾರರು. ಬಡಗಿ. ಆಗ ಐವತ್ತೈದರ ಆಸುಪಾಸು. ಬಾಗಿಲ ಚೌಕಟ್ಟು, ಮಂಚ, ದೇವರ ಮಂಟಪ ಮಾಡುತ್ತಿದ್ದವರು. ಹಿಂದೊಮ್ಮೆ ಒಂದು ಹಳೆಯ ರೇಡಿಯೊದ ಮರದ ಕವಚ ರಿಪೇರಿಗೆಂದು ನಾನೇ ಅವರನ್ನು ಕರೆಸಿದ್ದೆ. ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ಸ್ಪೀಕರಿನ ಖಾಲಿ ಪೆಟ್ಟಿಗೆಯನ್ನು ಬೆರಳಿನಿಂದ ಕುಟ್ಟಿ, ಕಿವಿಗೊಟ್ಟು, “ಮೇಡಂ, ಈ ಪೆಟ್ಟಿಗೆ ನಾನು ಮಾಡಿದ್ರೆ ಹಾಡ್ತದಾ?” ಎಂದು ಕೇಳಿದ್ದರು. ಹಾಡಬಹುದು ಎಂದೆ. ಅಲ್ಲಿಂದ ಮೂರು ವರ್ಷ ಅವರಿಗೆ ಅದೇ ಧ್ಯಾನ. ಕಾಫಿ ತೋಟದಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರವನ್ನು ಹಲಗೆ ಮಾಡಿ, ಎರಡು ಮಳೆಗಾಲ ಅಟ್ಟದ ಮೇಲೆ ಒಣಗಿಸಿ, ಒಳಗೆ ಅಡ್ಡಪಟ್ಟಿ ಕೊಟ್ಟು, ಕುಟ್ಟಿದರೆ ‘ಟಣ್’ ಎನ್ನದೆ ‘ಟಪ್’ ಎನ್ನುವವರೆಗೆ ಬಿಡಲಿಲ್ಲ. ಕ್ರಾಸೋವರ್ ಮಾಡಿಕೊಟ್ಟವಳು ನಾನು. ಅದು ಬಾಸ್ ಎನ್ನುವ ತಗ್ಗಿನ ಸ್ವರಗಳನ್ನು ದೊಡ್ಡ ಕೋನಿಗೂ ಮೇಲಿನ ಸ್ವರಗಳನ್ನು ಸಣ್ಣ ಟ್ವೀಟರಿಗೂ ಹಂಚುವ ಸರ್ಕೀಟು.

ಸ್ಪೀಕರ್ ಹಾಡಿತೇನೋ ನಿಜ, ಕೊಳ್ಳುವವರಿರಲಿಲ್ಲ. ಆಗ ಬಾಳೂರಿನ ಕಾಫಿ ಬೆಳೆಗಾರ ಜಯಣ್ಣ ಗೌಡರು ತೋಟದಲ್ಲಿ ಅತಿಥಿಗಳಿಗೆಂದು ನಾಲ್ಕು ಕೋಣೆ ಕಟ್ಟಿಸಿದ್ದರು. ಕೋಣೆಗೊಂದು ಜೋಡಿ, ಮನೆಯ ಹಾಲಿಗೊಂದು ಜೋಡಿ, ಒಟ್ಟು ಐದು ಜೋಡಿ ಸ್ಪೀಕರ್ ಬೇಕಿತ್ತು. ಆಚಾರರು ಹಲಗೆ ಕೊಯ್ಸಿದ್ದ ಸಿಲ್ವರ್ ಓಕ್ ಅವರ ತೋಟದ್ದೇ. ಡೀಲರೊಬ್ಬರು ಹೊರದೇಶದ ಒಂದು ಜೋಡಿಯನ್ನು ಕೇಳಿ ನೋಡಲು ಅವರ ಮನೆಗೆ ಕಳಿಸಿದ್ದರು. ಗೌಡರು ನನಗೆ ಫೋನ್ ಮಾಡಿ, “ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಣ ಮೇಡಂ. ನೀವೂ ಬನ್ನಿ. ನೀವು ಹೇಳಿದ ಹಾಗೆ” ಎಂದರು.

ನನ್ನ ಪಿಕಪ್ಪಿನಲ್ಲಿ ಮೂಡಿಗೆರೆ ದಾಟುವವರೆಗೂ ಆಚಾರರು ಒಂದು ಸ್ಪೀಕರನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಇನ್ನೊಂದು ನಮ್ಮಿಬ್ಬರ ನಡುವೆ.

“ಹಿಂದೆ ಇಡಬಹುದಿತ್ತಲ್ಲ ಆಚಾರ್ರೆ.”

“ಹಿಂದೆ ಕುಲುಕ್ತದೆ ಮೇಡಂ. ಮೊದ್ಲೇ ಹೆದರಿದೆ.”

“ಹೆದರಿದ್ದು ಸ್ಪೀಕರಾ, ನೀವಾ?”

“ಇಬ್ರೂ,” ಎಂದರು. ಕಂಬಳಿಯ ಅಂಚು ಸರಿಮಾಡಿ, “ಇವತ್ತು ಗೌಡ್ರು ಬೇಡ ಅಂದ್ರೆ ನಾಳೆಯಿಂದ ಭಾವನ ಫರ್ನಿಚರ್ ಅಂಗಡಿಗೆ ಹೋಗ್ತೀನಿ. ಹೆಂಡ್ತಿಗೆ ಮಾತು ಕೊಟ್ಟು ಬಂದಿದೀನಿ. ಪ್ಲೈವುಡ್ಡಿಗೆ ಮೊಳೆ ಹೊಡಿಯೋ ಕೆಲ್ಸ. ಅದಕ್ಕೆ ಕಿವಿ ಬೇಕಾಗಲ್ಲ” ಎಂದರು.

ಆ ಸ್ಪೀಕರಿನಲ್ಲಿ ನನ್ನ ಕೈಕೆಲಸವೂ ಇತ್ತು. ಹಾಗಾಗಿ ಪಕ್ಷಪಾತ ಮಾಡಬಾರದು, ಮಾಡಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡೆ. ಈಗ ಅನ್ನಿಸುತ್ತದೆ, ನ್ಯಾಯವಂತಳಾಗಿ ಕಾಣಿಸುವ ಆತುರವೂ ಒಂದು ಪಕ್ಷಪಾತವೇ.

ಮನೆ ಮುಟ್ಟಿದಾಗ ಮಧ್ಯಾಹ್ನದ ಊಟ ಮುಗಿದಿತ್ತು. ಹಾಲಿನ ಕಿಟಕಿಗಳ ಆಚೆಗೇ ಕಣ. ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ತೋಟದವರು ಪಾರ್ಚ್‌ಮೆಂಟ್ ಎನ್ನುವುದು, ಕಣದ ತುಂಬ ಒಣಗುತ್ತಿತ್ತು. ಮೇಸ್ತ್ರಿ ಮತ್ತು ಆಳುಗಳು ಶೆಡ್ಡಿನ ನೆರಳಿನಲ್ಲಿ ಕೂತಿದ್ದರು. ಗೌಡರ ತಾಯಿ, ಆ ಮನೆಯ ಅಜ್ಜಿ, ಪಕ್ಕದ ಕೋಣೆಯಲ್ಲಿ ಮಲಗಿದ್ದರು. “ಅಮ್ಮಂಗೆ ಎಚ್ಚರ ಆಗ್ಬಾರದು, ಮೆತ್ತಗೆ ಹಾಕಿ,” ಎಂದರು ಗೌಡರು.

ಎರಡೂ ಜೋಡಿಗಳನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಒಂದೇ ಆಂಪ್ಲಿಫೈಯರಿಗೆ ಜೋಡಿಸಿ, ಸ್ವಿಚ್ ತಿರುಗಿಸಿದರೆ ಇದು ಹಾಡಬೇಕು, ತಿರುಗಿಸಿದರೆ ಅದು ಹಾಡಬೇಕು, ಹಾಗೆ ಏರ್ಪಾಡು ಮಾಡಿದೆ. ಗೌಡರು ನ್ಯಾಯಕ್ಕೆ ಹೆಸರಾದವರು. ಕಾಫಿ ಚೀಲಕ್ಕೆ ನಂಬರ್ ಬರೆಯುವ ಮಾರ್ಕರ್ ತಂದು ವಾಲ್ಯೂಮ್ ನಾಬಿನ ಪಕ್ಕ ಒಂದು ಗುರುತು ಎಳೆದರು. “ಇಬ್ಬರಿಗೂ ಒಂದೇ ಅಳತೆ. ಇದರಿಂದ ಆಚೀಚೆ ಹೋಗ್ಬಾರದು. ಆಮೇಲೆ ಯಾರೂ ಮಾತಾಡೋ ಹಾಗಿಲ್ಲ.”

ನಾನು ತಲೆಯಾಡಿಸಿದೆ. ಅದೇ ನನ್ನ ತಪ್ಪು.

ಒಂದು ಭಾವಗೀತೆ ಹಾಕಿದೆ. ಮೊದಲು ಆಚಾರರದು, ಆಮೇಲೆ ಡೀಲರು ಕಳಿಸಿದ ಹೊರಗಿನದು. ಹತ್ತು ಸೆಕೆಂಡ್ ಆಗಿತ್ತೋ ಇಲ್ಲವೋ, ಗೌಡರು, “ಓಹೋ!” ಎಂದರು. “ಇದು ಎದ್ದು ಬರ್ತದೆ. ಆಚಾರ್ರದ್ದು ಸ್ವಲ್ಪ ಒಳಗೇ ಕೂತ್ಕಂಡು ಹಾಡಿದ ಹಂಗೆ.”

ನನಗೂ ಹಾಗೇ ಕೇಳಿಸಿತು. ಮತ್ತೆ ಮತ್ತೆ ಸ್ವಿಚ್ ತಿರುಗಿಸಿದರೂ ಹಾಗೇ. ನಾನು ಅಲ್ಲೇ ಬರೆದುಕೊಂಡ ಸಾಲು ಇನ್ನೂ ಇದೆ: “ಹೊರಗಿನದು ಸ್ಪಷ್ಟವಾಗಿ ಮೇಲು. ತುಂಬಿದ ದನಿ. ವಿ.ಯವರದು ತೆಳು, ಬಾಸ್ ಇಲ್ಲ.” ಆಚಾರರು ಕೇಳಿದಾಗ ಅದನ್ನೇ ಬಾಯಿಬಿಟ್ಟು ಹೇಳಿದೆ.

ಅವರು ಜಗಳ ಆಡಲಿಲ್ಲ. “ಸರಿ ಗೌಡ್ರೆ. ಕಿವಿ ಸುಳ್ಳು ಹೇಳಲ್ಲ,” ಎಂದು ಕಂಬಳಿ ಬಿಡಿಸಿ ನೆಲದ ಮೇಲೆ ಹಾಸಿದರು.

ಆ ಹೊತ್ತಿಗೆ ಗೌಡರ ಸೊಸೆ ಶಾಂತಲಾ ಕಾಫಿ ತಂದಳು. ಅವಳಿಗೆ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಸಂಸ್ಕರಿಸುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಪ್ಪರ್ ಕೆಲಸ. ಬೇರೆ ಬೇರೆ ತೋಟದ ಕಾಫಿಯನ್ನು ಸಾಲಾಗಿ ಕಪ್ಪಿನಲ್ಲಿಟ್ಟು, ಚಮಚದಲ್ಲಿ ಸೊರ್ರೆಂದು ಹೀರಿ, ಉಗುಳಿ, ರುಚಿಗೆ ಅಂಕ ಕೊಡುವ ಕೆಲಸ ಅದು. ಭಾನುವಾರವಾದ್ದರಿಂದ ಮನೆಯಲ್ಲಿದ್ದಳು.

“ಇದೇನು ಆಚಾರ್ರೆ, ಕಾಫಿ ಕುಡಿಯೋಕೆ ಮುಂಚೆ ಗಂಟು ಕಟ್ತಿದೀರಿ?”

“ಸೋತ್ವಿ ಕಣಮ್ಮ.”

ಅವಳು ನಾಬಿನ ಪಕ್ಕದ ಗುರುತು ನೋಡಿದಳು. “ಇದೆಂಥದು ಮಾವ?”

“ಒಂದೇ ಅಳತೆ ಇರಲಿ ಅಂತ ನಾನೇ ಹಾಕಿದ್ದು,” ಎಂದರು ಗೌಡರು ಹೆಮ್ಮೆಯಿಂದ.

“ಗುರುತು ಒಂದೇ. ಸದ್ದು ಒಂದೇನಾ?” ಎಂದಳು ಶಾಂತಲಾ. “ನಾವು ಕಪ್ಪಿಂಗಿಗೆ ಪುಡಿ ಚಮಚದಲ್ಲಿ ಅಳೆಯಲ್ಲ ಮಾವ. ಕಪ್ಪಗೆ ಹುರಿದಿದ್ದು ಹಗುರ, ಕಮ್ಮಿ ಹುರಿದಿದ್ದು ಭಾರ. ಚಮಚ ಒಂದೇ ಆದ್ರೂ ಒಂದು ಕಪ್ ಗಟ್ಟಿ ಆಗತ್ತೆ, ಇನ್ನೊಂದು ನೀರು ಆಗತ್ತೆ. ಕುಡಿದವರು ಗಟ್ಟಿ ಇದ್ದಿದ್ದೇ ಒಳ್ಳೇ ಕಾಫಿ ಅಂತಾರೆ. ಅದಕ್ಕೇ ಒಂದೊಂದು ಕಪ್ಪಿಗೂ ತೂಕ ಹಾಕ್ತೀವಿ. ನೀವು ಚಮಚ ಅಳೆದಿದೀರಿ, ತೂಕ ಹಾಕಿಲ್ಲ.”

ನೆನಪು ನನಗೆ ಮೋಸ ಮಾಡಿದ ಎರಡನೆಯ ಜಾಗ ಇದು. ಈ ನಾಲ್ಕು ವರ್ಷ ಅಂಗಡಿಗೆ ಬಂದವರಿಗೆಲ್ಲ ಈ ಕತೆ ಹೇಳುವಾಗ, “ಆಗ ನನಗೆ ಹೊಳೆಯಿತು” ಎಂದೇ ಹೇಳಿದ್ದೇನೆ. ಬೇಕೆಂದು ಹೇಳಿದ ಸುಳ್ಳಲ್ಲ, ಹಾಗೇ ನೆನಪಿತ್ತು. ಡೈರಿಯಲ್ಲಿ ನನ್ನದೇ ಅಕ್ಷರದಲ್ಲಿದೆ: “ಶಾಂತಲಾ ಹೇಳಿದಳು. ನಾಚಿಕೆಯಾಯಿತು.”

ನಾಚಿಕೆಗೆ ಕಾರಣವಿತ್ತು. ಇದು ನಾನು ಓದಿ, ಪರೀಕ್ಷೆಯಲ್ಲಿ ಚಿತ್ರ ಬರೆದು ಅಂಕ ತೆಗೆದ ಪಾಠ. ಒಂದೇ ವೋಲ್ಟೇಜು ಕೊಟ್ಟರೂ ಎಲ್ಲ ಸ್ಪೀಕರುಗಳು ಒಂದೇ ಜೋರಿನಲ್ಲಿ ಹಾಡುವುದಿಲ್ಲ. ಅದಕ್ಕೆ ಸೆನ್ಸಿಟಿವಿಟಿ ಎನ್ನುತ್ತಾರೆ. ವ್ಯತ್ಯಾಸ ತುಂಬ ಇದ್ದರೆ ಯಾರಿಗಾದರೂ ‘ಇದು ಜೋರು’ ಎಂದು ತಿಳಿಯುತ್ತದೆ. ಒಂದೆರಡು ಡೆಸಿಬೆಲ್ ಮಾತ್ರ ಇದ್ದರೆ ಕಿವಿ ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ. ಜೊತೆಗೆ ಇನ್ನೊಂದು ಸಂಗತಿ. ಸದ್ದು ತಗ್ಗಿದಷ್ಟೂ ನಮ್ಮ ಕಿವಿಗೆ ತಗ್ಗಿನ ಸ್ವರಗಳು ಉಳಿದವಕ್ಕಿಂತ ಬೇಗ ಮಾಯವಾಗುತ್ತವೆ. ಅಜ್ಜಿಯ ನಿದ್ದೆಗೆ ಹೆದರಿ ಮೆತ್ತಗೆ ಹಾಕಿದ್ದರಿಂದ, ಎರಡರಲ್ಲಿ ಇನ್ನಷ್ಟು ಮೆತ್ತಗಿದ್ದ ಆಚಾರರ ಸ್ಪೀಕರಿನ ಬಾಸನ್ನು ನಮ್ಮ ಕಿವಿಗಳೇ ನುಂಗಿದ್ದವು. ನಾನು ಅದನ್ನು ಪೆಟ್ಟಿಗೆಯ ದೋಷವೆಂದು ಬರೆದುಕೊಂಡಿದ್ದೆ.

“ಹತ್ತು ನಿಮಿಷ ಕೊಡಿ,” ಎಂದು ಬ್ಯಾಗಿನಿಂದ ಸೌಂಡ್ ಲೆವೆಲ್ ಮೀಟರ್ ತೆಗೆದೆ. ಮೀಟರ್ ಬ್ಯಾಗಿನಲ್ಲೇ ಇತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಕೇಳುಗರು ಕೂರುವ ಜಾಗದಲ್ಲಿ ಅದನ್ನಿಟ್ಟು, ಅಳತೆಗೆ ಬಳಸುವ ಪಿಂಕ್ ನಾಯ್ಸ್ ಎಂಬ ಸದ್ದನ್ನು ಹಾಕಿದೆ. ಅದರಲ್ಲಿ ರಾಗವಿಲ್ಲ, ತಾಳವಿಲ್ಲ. ತಗ್ಗಿನಿಂದ ಮೇಲಿನವರೆಗೆ ಎಲ್ಲ ಸ್ವರಗಳೂ ಬೆರೆತ ಒಂದೇ ಸಮನಾದ ‘ಶ್ಶ್ಶ್’. ಫ್ಯಾನಿನ ಸದ್ದು ಮೀಟರಿಗೆ ಅಡ್ಡ ಬರಬಾರದೆಂದು ವಾಲ್ಯೂಮನ್ನು ಚೆನ್ನಾಗಿಯೇ ಏರಿಸಿದೆ. ಮಲಗಿದ್ದ ಅಜ್ಜಿಯ ನೆನಪು ನನಗಾಗಲಿಲ್ಲ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವಳಾಗಿ, ಆ ಸದ್ದು ಕಿಟಕಿಯಾಚೆ ಏನೆಂದು ಕೇಳಿಸೀತು ಎಂಬ ಯೋಚನೆಯೂ ಬರಲಿಲ್ಲ.

ಕಣದ ಕಡೆಯಿಂದ ಮೇಸ್ತ್ರಿಯ ಕೂಗು ಬಂತು: “ಮಳೆ! ಮಳೆ ಬಂತು! ಟಾರ್ಪಾಲ್ ಎಳೀರ್ರೋ!”

ಒಣಗಿದ ಬೀಜ ಮತ್ತೆ ನೆಂದರೆ ವರ್ಷದ ದುಡಿಮೆ ಕೆಡುತ್ತದೆ. ಕಣದಲ್ಲಿ ಕಾಫಿ ಇರುವ ಮನೆಯಲ್ಲಿ ಮೊದಲು ಓಡುತ್ತಾರೆ, ಆಮೇಲೆ ಆಕಾಶ ನೋಡುತ್ತಾರೆ. ಆಳುಗಳು ಓಡಿದರು. ಶಾಂತಲಾ ತಟ್ಟೆ ಕೆಳಗಿಟ್ಟು ಓಡಿದಳು. ಆಚಾರರು ನೆಲದ ಮೇಲಿದ್ದ ಕಂಬಳಿ ಬಾಚಿಕೊಂಡು ಓಡಿದರು. ಎಲ್ಲಕ್ಕಿಂತ ಹೆಚ್ಚಾಗಿ, ಸ್ಪೀಕರಿನಿಂದ ನಾಲ್ಕು ಅಡಿ ದೂರದಲ್ಲಿ, ಅದನ್ನೇ ನೋಡುತ್ತ ಕೂತಿದ್ದ ಜಯಣ್ಣ ಗೌಡರು ಪಂಚೆ ಎತ್ತಿಕೊಂಡು ಓಡಿದರು.

ಹಾಲಿನಲ್ಲಿ ನಾನೊಬ್ಬಳೇ ಉಳಿದೆ. ಇದೇ ಹೊತ್ತೆಂದು ಎರಡನೆಯ ಜೋಡಿಯನ್ನೂ ಹಾಕಿ ಅಳೆದೆ. ನಾಬನ್ನು ಅಲುಗಿಸದೆ ಅಳೆದರೆ ಹೊರಗಿನದು ಎರಡು ಡೆಸಿಬೆಲ್ಲಿಗೆ ಒಂದು ಕೂದಲಷ್ಟು ಹೆಚ್ಚು ಜೋರಿತ್ತು. ಕಿಟಕಿಯಲ್ಲಿ ನೋಡಿದರೆ ಸುಡುವ ಬಿಸಿಲಿನಲ್ಲಿ ಹತ್ತು ಹನ್ನೆರಡು ಜನ ಟಾರ್ಪಾಲಿನ ಅಂಚು ಹಿಡಿದು ತಲೆಯೆತ್ತಿ ನಿಂತಿದ್ದರು. ಗೌಡರ ಅಂಗೈ ಮಳೆಹನಿಗೆಂದು ಚಾಚಿತ್ತು.

ಅಜ್ಜಿ ಎದ್ದು ಬಾಗಿಲಿಗೆ ಬಂದರು. “ಎಂತದು ಮಾರಾಯ ಜಯಣ್ಣ ಇದು? ಬಿಸಿಲಲ್ಲಿ ಟಾರ್ಪಾಲ್ ಹಿಡ್ಕಂಡು ಕುಣೀತಿದೀರಿ. ಕಾಗೆ ನರಿ ಮದುವೆಯಾ?”

ಮೇಸ್ತ್ರಿ ನಕ್ಕಿದ್ದೇ ತಡ, ಕಣಕ್ಕೆ ಕಣವೇ ನಕ್ಕಿತು. ಗೌಡರು ಒಳಗೆ ಬಂದು ಸ್ಪೀಕರನ್ನು ಮೇಲಿಂದ ಕೆಳಗೆ ನೋಡಿ, “ನಮ್ಮಪ್ಪನಾಣೆ, ಹೆಂಚಿನ ಮೇಲೆ ಬಿದ್ದ ಹಂಗೇ ಇತ್ತಲ್ರೀ!” ಎಂದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದಿದ್ದ ಆಚಾರರು ಕಂಬಳಿಯನ್ನು ಮತ್ತೆ ನೆಲಕ್ಕೆ ಹಾಸಲಿಲ್ಲ.

ಅಜ್ಜಿಗೆ ಎಚ್ಚರವಾಗಿದ್ದರಿಂದ ಇನ್ನು ಮೆತ್ತಗೆ ಹಾಕುವ ಕಟ್ಟುಪಾಡಿರಲಿಲ್ಲ. ಪರೀಕ್ಷೆಯ ಮೇಲುಸ್ತುವಾರಿಯನ್ನು ಶಾಂತಲಾ ತಾನೇ ತೆಗೆದುಕೊಂಡಳು. ನರ್ಸರಿಯ ಹಸಿರು ಶೇಡ್ ನೆಟ್ ತರಿಸಿ ನಾಲ್ಕು ಮಡಿಕೆ ಮಾಡಿ ಸ್ಪೀಕರುಗಳ ಮುಂದೆ ಇಳಿಬಿಡಿಸಿದಳು. ಸದ್ದು ದಾಟುತ್ತದೆ, ಕಣ್ಣು ದಾಟುವುದಿಲ್ಲ. ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಏಳು ಎಂದು ನಂಬರ್. ನೆಟ್ಟಿನ ಹಿಂದೆ ಯಾವುದನ್ನು ಎಲ್ಲಿಟ್ಟೆ, ಯಾವುದಕ್ಕೆ ಯಾವ ನಂಬರ್ ಎಂದು ನನಗೆ ಮಾತ್ರ ಗೊತ್ತು.

“ಮೇಡಂ, ನೀವು ಎಲ್ರ ಹಿಂದೆ ನಿಂತ್ಕೊಳಿ. ನಿಮ್ಮ ಮುಖ ನೋಡಿದ್ರೆ ಎಲ್ಲ ಗೊತ್ತಾಗ್ಬಿಡತ್ತೆ. ಮಾವ, ನೀವು ‘ಓಹೋ’ ಅನ್ನೋ ಹಾಗಿಲ್ಲ. ಕಪ್ಪಿಂಗ್ ಟೇಬಲ್ಲಲ್ಲಿ ಒಬ್ರು ಹುಬ್ಬು ಹಾರಿಸಿದ್ರೆ ಉಳಿದವರ ನಾಲಗೆ ಅದನ್ನೇ ಹೇಳತ್ತೆ.”

“ಹುಬ್ಬೂ ಹಾರಿಸ್ಬಾರದಾ?”

“ಊಹೂಂ.”

“ಅತ್ತೆ ಕಾಲ ಹೋಗಿ ಸೊಸೆ ಕಾಲ ಬಂತು,” ಎಂದು ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತರು.

ಗೌಡರು, ಅಜ್ಜಿ, ಶಾಂತಲಾ, ಆಚಾರರು, ನಾಲ್ವರು ಕೇಳುಗರು. ಪ್ರತಿ ಸಲ ಸ್ವಿಚ್ ತಿರುಗಿಸಿದಾಗ ವಾಲ್ಯೂಮನ್ನೂ ಮೀಟರ್ ನೋಡಿ ಒಂದೊಂದು ಜೋಡಿಗೂ ನಾನು ಹಾಕಿಕೊಂಡಿದ್ದ ಗುರುತಿಗೆ ಸರಿಸಿ, ಎರಡೂ ಸಮಸಮ ಜೋರಿರುವಂತೆ ನೋಡಿಕೊಂಡೆ. ಅದೇ ಭಾವಗೀತೆ, ಒಂದು ಕೊಳಲು. ಅಜ್ಜಿಯ ತವರು ಕಳಸ. ಅವರ ಒತ್ತಾಯಕ್ಕೆ ಯಕ್ಷಗಾನದ ಒಂದು ತುಣುಕು, ಚಂಡೆ ಮದ್ದಳೆ ಸಮೇತ. ನಡುವೆ ಒಮ್ಮೆ “ಮಾವ, ಹುಬ್ಬು!” ಎಂಬ ಗದರಿಕೆ ಬಿಟ್ಟರೆ ಯಾರೂ ತುಟಿ ಎರಡು ಮಾಡಲಿಲ್ಲ. ಆಚಾರರು ತಲೆ ಬಾಗಿಸಿ, ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಹಿಂದೆ ನಿಂತಿದ್ದ ನನಗೆ ಅದು ಕಾಣಿಸುತ್ತಿತ್ತು.

ಒಬ್ಬೊಬ್ಬರೂ ತಮಗೆ ಮೆಚ್ಚಿದ ನಂಬರನ್ನು ಬರೆದುಕೊಟ್ಟ ಚೀಟಿಗಳನ್ನು ಶಾಂತಲಾ ಓದಿದಳು. ಅವಳದು ನಾಲ್ಕು. ಅಜ್ಜಿಯದು ನಾಲ್ಕು, “ಮದ್ದಳೆ ಪೆಟ್ಟು ಹೊಟ್ಟೆಗೆ ಬಂತು” ಎಂಬ ಷರಾ ಸಮೇತ. ಗೌಡರದು ಏಳು ಎಂದು ಬರೆದು, ಹೊಡೆದು ಹಾಕಿ, ನಾಲ್ಕು. ಆಚಾರರದು ಏಳು.

“ಈಗ ಹೇಳಿ ಮೇಡಂ, ನಾಲ್ಕು ಯಾವುದು?”

“ನಾಲ್ಕು ಸಿಲ್ವರ್ ಓಕ್,” ಎಂದೆ.

ಒಂದು ಕ್ಷಣ ಯಾರಿಗೂ ಲೆಕ್ಕ ಹತ್ತಲಿಲ್ಲ. ಹತ್ತಿದೊಡನೆ ಎಲ್ಲರೂ ಆಚಾರರ ಕಡೆ ತಿರುಗಿದರು. ಅವರೊಬ್ಬರೇ ತಮ್ಮ ಸ್ಪೀಕರಿನ ವಿರುದ್ಧ ಬರೆದಿದ್ದರು.

ಆಚಾರರು ಹಣೆ ಚಚ್ಚಿಕೊಂಡರು. “ಅಯ್ಯೋ ಶಿವನೇ! ನನ್ನ ಮಗೀನ ನಾನೇ ಗುರುತು ಹಿಡೀಲಿಲ್ಲ!”

“ಇರ್ಲಿ ಬಿಡು,” ಎಂದರು ಅಜ್ಜಿ. “ಅದು ನಿನ್ನ ಮಗಿ ಎಲ್ಲಾಯ್ತು? ನಮ್ಮ ತೋಟದ್ದು. ಅದಕ್ಕೇ ನಮಗೆ ಗೊತ್ತಾಯ್ತು.”

ಆ ಹಾಲಿನಲ್ಲಿ ಎದ್ದ ನಗುವನ್ನು ಮೀಟರಿನಲ್ಲಿ ಅಳೆಯಲಿಲ್ಲ ಎಂಬುದೇ ನನಗೆ ಇವತ್ತಿಗೂ ಇರುವ ಬೇಸರ.

ನಾಲ್ಕು ಜನ, ಒಂದು ಮಧ್ಯಾಹ್ನ. ಇದರಿಂದ ಒಂದು ಸ್ಪೀಕರ್ ಇನ್ನೊಂದಕ್ಕಿಂತ ಮೇಲೆಂದು ಸಾಬೀತಾಗುವುದಿಲ್ಲ, ಅದನ್ನು ಅಲ್ಲೇ ಹೇಳಿದೆ. ಯಾರಿಗೂ ಹೇಳದೆ ನಂಬರ್ ಹೊಸದಾಗಿ ಹಂಚಿ, ಸಮ ಮಾಡಿದ ಅಳತೆಯಲ್ಲೇ ಮೆತ್ತಗೆ ಹಾಕಿ ಇನ್ನೊಂದು ಸುತ್ತು ಕೇಳಿಸಿದೆ. ಈ ಸಲ ಇಬ್ಬರು ನಾಲ್ಕು, ಇಬ್ಬರು ಏಳು. ಅಷ್ಟು ಮೆತ್ತಗೆ ಹಾಕಿದಾಗ ಎರಡರ ಮದ್ದಳೆಯೂ ತಗಡು ಡಬ್ಬಿಯಾಗಿತ್ತು. ಅತಿಥಿಗಳು ರಾತ್ರಿ ಮೆತ್ತಗೆ ಕೇಳುವಾಗ ಬಾಸನ್ನು ಒಂದಿಷ್ಟು ಏರಿಸಿಕೊಳ್ಳಬೇಕು, ಅದು ಸ್ಪೀಕರಿನ ಕೊರತೆಯಲ್ಲ, ಕಿವಿಯ ಸ್ವಭಾವ ಎಂದು ಗೌಡರಿಗೆ ವಿವರಿಸಿದೆ.

“ಅದೆಲ್ಲ ಇರ್ಲಿ,” ಎಂದರು ಗೌಡರು. “ಐದು ಜೋಡಿ ಮಾಡಿ ಆಚಾರ್ರೆ. ಆದ್ರೆ ಒಂದು ಮಾತು. ನೀವು ಏಳನ್ನ ಯಾಕೆ ಆರಿಸಿದ್ರಿ?”

ಆಚಾರರು ಕಂಬಳಿ ಮಡಿಸುತ್ತ ಹೇಳಿದರು: “ಅದ್ರಲ್ಲಿ ಹಾಡೋ ಹೆಣ್ಮಗಳು ಉಸಿರು ತಗಳೋದು ಕೇಳ್ತು ಗೌಡ್ರೆ. ನಂದ್ರಲ್ಲಿ ಉಸಿರೇ ತಗಳಲ್ಲ ಅವ್ಳು. ಪಾಪ.”

ಹಿಂತಿರುಗುವಾಗ ಸ್ಪೀಕರುಗಳು ಬಾಳೂರಿನಲ್ಲೇ ಉಳಿದಿದ್ದವು. ಆಚಾರರ ತೊಡೆಯ ಮೇಲೆ ಬರೀ ಕಂಬಳಿ. ಮೂಡಿಗೆರೆಯಲ್ಲಿ ಸಿಗ್ನಲ್ ಸಿಕ್ಕಿದ ಕೂಡಲೇ ಫೋನ್ ಹಚ್ಚಿ, “ಭಾವ, ನಾಳೆ ಬರಲ್ಲ. ಹಾಂ, ನಾಡಿದ್ದೂ ಬರಲ್ಲ,” ಎಂದರು. ವಸ್ತಾರೆ ಬರುವವರೆಗೂ ಮಾತೆಲ್ಲ ಆ ಹೆಣ್ಣುಮಗಳ ಉಸಿರಿನ ಬಗ್ಗೆಯೇ. ಮುಂದಿನ ಜೋಡಿಗಳಲ್ಲಿ ಅವರು ಪೆಟ್ಟಿಗೆಯ ಮುಂಭಾಗದ ಅಂಚುಗಳನ್ನು ಉರುಟು ಮಾಡಿದರು, ನಾನು ಟ್ವೀಟರಿನ ದಾರಿಯಲ್ಲಿದ್ದ ಒಂದು ರೆಸಿಸ್ಟರ್ ಬದಲಿಸಿದೆ. ಈಗ ಅವಳು ಉಸಿರಾಡುತ್ತಾಳೆ.

ಕಿವಿ ಸುಳ್ಳು ಹೇಳುವುದಿಲ್ಲ ಎಂದು ಆಚಾರರು ಅಂದಿದ್ದು ನಿಜವೇ. ನಾವು ಕೇಳಿದ್ದು ‘ಯಾವುದು ಒಳ್ಳೆಯದು’ ಎಂದು, ಕಿವಿ ಉತ್ತರ ಕೊಟ್ಟಿದ್ದು ‘ಯಾವುದು ಜೋರು’ ಎಂಬುದಕ್ಕೆ. ಈಗ ನನ್ನ ಅಂಗಡಿಯಲ್ಲಿ ಎರಡು ಸ್ಪೀಕರುಗಳನ್ನು ಮೀಟರ್ ಇಟ್ಟು ಸಮ ಮಾಡದೆ ಯಾರಿಗೂ ಕೇಳಿಸುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಹೋಲಿಸುವ ಮೊದಲು ಸಮ ಮಾಡು, ಸಮ ಮಾಡಿದೆಯೆಂಬ ನಂಬಿಕೆಯನ್ನೂ ಒಮ್ಮೆ ಅಳೆದು ನೋಡು.

ಇನ್ನು ಮೂರನೆಯದು. ಗೌಡರು ತಮ್ಮ ಮನೆಗೆ ಬಂದ ಅತಿಥಿಗಳಿಗೆಲ್ಲ ಆಚಾರರ ಸ್ಪೀಕರ್ ತೋರಿಸಿ, “ಮಳೆ ಬರಿಸಿದ ಸ್ಪೀಕರ್ ಇದೇ” ಎನ್ನುತ್ತಾರೆ. ನನ್ನ ನೆನಪೂ ಅದನ್ನೇ ಹೇಳುತ್ತಿತ್ತು. ಇದನ್ನು ಬರೆಯುವಾಗ ಡೈರಿ ನೋಡಿದರೆ, ಮಳೆಯ ಸದ್ದು ಮೊದಲು ಯಾವ ಜೋಡಿಯಿಂದ ಬಂತೆಂದು ಬರೆದೇ ಇಲ್ಲ. ಸಂಶಯ ಬಂದು ಆಚಾರರಿಗೆ ಫೋನ್ ಮಾಡಿದೆ.

“ಅದಾ ಮೇಡಂ? ಅದು ಆ ಹೊರಗಿನದು,” ಎಂದರು, ಒಂದು ಕ್ಷಣವೂ ತಡೆಯದೆ. “ನಂದು ಹಾಕೋ ಹೊತ್ತಿಗೆ ನಾವೆಲ್ಲ ಕಣದಲ್ಲಿದ್ವಲ್ಲ.”

“ಗೌಡ್ರಿಗೆ ಹೇಳಬೇಡ್ವಾ?”

“ನಾಲ್ಕು ಸಲ ಹೇಳಿದೀನಿ. ಅವ್ರು ನಂಬಲ್ಲ.” ಆ ಕಡೆಯಿಂದ ಉಳಿ ಕೆಳಗಿಟ್ಟ ಸದ್ದು ಕೇಳಿಸಿತು. “ಒಂದು ಕೆಲಸ ಮಾಡಣ ಮೇಡಂ. ಈ ಸಲ ಕಣಕ್ಕೆ ಕಾಫಿ ಬಿದ್ದಾಗ ಹೋಗಿ ನಂದು ಹಾಕಿ ನೋಡಣ. ಅವತ್ತಿನಷ್ಟೇ ಜೋರು, ಕೂದಲಷ್ಟೂ ಹೆಚ್ಚು ಬೇಡ. ಮೇಸ್ತ್ರಿಗೆ ಮಾತ್ರ ಮೊದ್ಲೇ ಹೇಳ್ಬೇಡಿ.”